ಲಿಥಿಯಂ ಬ್ಯಾಟರಿಯ ಶಾಖ: ಐವತ್ತು ವರ್ಷಗಳ ಕಥೆ

2022ನೆಯ ಇಸವಿ ಸೆಪ್ಟೆಂಬರ್ 12ರ ರಾತ್ರಿ ಸಿಕಂದರಾಬಾದಿನ ಪಾಸ್‌ಪೋರ್ಟ್ ಕಚೇರಿಯ ಸಮೀಪದ ಕಟ್ಟಡವೊಂದಕ್ಕೆ ಬೆಂಕಿ ಹತ್ತಿದ ಸಂಗತಿ ಅವಳಿ ನಗರಗಳಲ್ಲಿರುವ ನಮ್ಮ ವಾಚಕರಿಗೆ ನೆನಪಿರಬಹುದು. ಕೆಳಗೆ ವಿದ್ಯುತ್ ಸ್ಕೂಟರುಗಳನ್ನು ಮಾರುವ ಅಂಗಡಿ, ಮೇಲಿನ ಅಂತಸ್ತುಗಳಲ್ಲಿ ಲಾಡ್ಜು. ಕೆಳಗೆ ಎದ್ದ ಹೊಗೆ ಮೆಟ್ಟಿಲಿನ ದಾರಿಯಲ್ಲೇ ಮೇಲಕ್ಕೇರಿತು. ಮೇಲಿದ್ದವರು ಇಳಿಯಬೇಕಾದ ದಾರಿಯೂ ಅದೇ. ಕೆಲವರು ಕಿಟಕಿಯಿಂದ ಹಾರಿದರು. ಕೆಲವರನ್ನು ಅಕ್ಕಪಕ್ಕದವರೂ ಅಗ್ನಿಶಾಮಕ ದಳದವರೂ ಸೇರಿ ಇಳಿಸಿದರು. ಎಂಟು ಜನ ತೀರಿಕೊಂಡರು. ಅವರಲ್ಲಿ ಹೆಚ್ಚಿನವರು ಹೊಗೆಯಿಂದ ಉಸಿರುಗಟ್ಟಿ ಸತ್ತವರು, ಪರ ಊರುಗಳಿಂದ ಬಂದು ಒಂದೆರಡು ದಿನಕ್ಕೆಂದು ಅಲ್ಲಿ ತಂಗಿದ್ದವರು.

ಮರುದಿನದಿಂದ ಕಚೇರಿಯಲ್ಲಿ, ಬಸ್ಸಿನಲ್ಲಿ, ಕಾಚಿಗುಡದ ಹೋಟೆಲುಗಳಲ್ಲಿ ಎಲ್ಲಿ ಕೇಳಿದರೂ ಒಂದೇ ಮಾತು: “ನಮ್ಮ ಊರಿನ ಬಿಸಿಲಿಗೆ ಈ ಬ್ಯಾಟರಿ ತಡೆಯುವುದಿಲ್ಲ.” ಆದರೆ ಅದು ಸೆಪ್ಟೆಂಬರ್ ತಿಂಗಳು, ಮಳೆಗಾಲ ಇನ್ನೂ ಮುಗಿದಿರಲಿಲ್ಲ. ರಾತ್ರಿ ಒಂಬತ್ತರ ಮೇಲಿನ ಹೊತ್ತು. ಆ ಹೊತ್ತಿನಲ್ಲಿ ಹೈದರಾಬಾದಿನಲ್ಲಿ ಯಾವ ಬಿಸಿಲು? ಬಿಸಿಲು ಬ್ಯಾಟರಿಗೆ ಹಿತವಲ್ಲ, ಒಪ್ಪತಕ್ಕ ಮಾತೇ. ಆದರೆ ಅದನ್ನು ಸುಡುವ ಬಿಸಿ ಬೇರೆ, ಅದು ಹುಟ್ಟುವುದು ಒಳಗೇ. ಈ ಒಳಗಿನ ಬಿಸಿಯ ಸಂಗತಿ ಹೊಸದಾಗಿ ಕಂಡುಬಂದದ್ದೂ ಅಲ್ಲ. ಲಿಥಿಯಂ ಬ್ಯಾಟರಿ ಹುಟ್ಟಿದ ಪ್ರಯೋಗಶಾಲೆಯಲ್ಲೇ ಅದೂ ಹುಟ್ಟಿತು.

ನಾವು ವಿಜ್ಞಾನಿಗಳಲ್ಲ. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಕಡತಗಳ ನಡುವೆ ದಿನ ಕಳೆಯುವವರು. ಒಂದು ಕಾಲಕ್ಕೆ ಬಿ.ಎಸ್ಸಿ.ಯಲ್ಲಿ ಭೌತ ಮತ್ತು ರಸಾಯನ ಶಾಸ್ತ್ರಗಳನ್ನು ಓದಿದ್ದೆವೆಂಬ ಧೈರ್ಯವೊಂದೇ ಬಂಡವಾಳ. ಆದರೂ ಈ ಕಥೆಗೆ ಅಷ್ಟು ಸಾಕಾಗುತ್ತದೆ.

1973ರಲ್ಲಿ ಅರಬ್ ದೇಶಗಳು ತೈಲದ ಸರಬರಾಜನ್ನು ಬಿಗಿ ಮಾಡಿದಾಗ ಅಮೆರಿಕದ ತೈಲ ಕಂಪನಿಗಳೇ ಪೆಟ್ರೋಲಿಗೆ ಬದಲಿ ಹುಡುಕಲು ಹೊರಟವು. ಎಕ್ಸಾನ್ ಕಂಪನಿಯ ಪ್ರಯೋಗಶಾಲೆಯಲ್ಲಿ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಎಂಬ ಇಂಗ್ಲಿಷ್ ರಸಾಯನಶಾಸ್ತ್ರಜ್ಞರು ಒಂದು ಕಡೆ ಲಿಥಿಯಂ ಲೋಹ, ಇನ್ನೊಂದು ಕಡೆ ಟೈಟಾನಿಯಂ ಡೈಸಲ್ಫೈಡ್ ಇಟ್ಟು, ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಬ್ಯಾಟರಿಯನ್ನು ಮಾಡಿದರು. ಲಿಥಿಯಂ ಲೋಹಗಳಲ್ಲೆಲ್ಲ ಹಗುರ; ಎಲೆಕ್ಟ್ರಾನನ್ನು ಬಿಟ್ಟುಕೊಡುವುದರಲ್ಲಿ ಬಲು ಉದಾರಿ. ಬ್ಯಾಟರಿಗೆ ಬೇಕಾದ ಗುಣ ಅದೇ, ಬೆಂಕಿಗೆ ದಾರಿ ಮಾಡುವ ಗುಣವೂ ಅದೇ. ಚಾರ್ಜ್ ಮಾಡುತ್ತ ಹೋದಂತೆ ಲಿಥಿಯಂ ಮೇಲ್ಮೈಯಲ್ಲಿ ಸಣ್ಣ ಸಣ್ಣ ಎಳೆಗಳು ಚಿಗುರಿ, ಬೆಳೆದು, ಎದುರು ಧ್ರುವವನ್ನು ಮುಟ್ಟಿಬಿಡುತ್ತಿದ್ದವು. ಮುಟ್ಟಿದೊಡನೆ ಒಳಗೇ ಶಾರ್ಟ್ ಸರ್ಕ್ಯೂಟು. ಅಗ್ನಿಶಾಮಕ ದಳದವರು ಆ ಪ್ರಯೋಗಶಾಲೆಗೆ ಎಷ್ಟು ಸಲ ಓಡಿಬರಬೇಕಾಯಿತೆಂದರೆ, ಲಿಥಿಯಂ ಬೆಂಕಿ ಆರಿಸಲು ಬೇಕಾದ ವಿಶೇಷ ರಾಸಾಯನಿಕದ ಖರ್ಚನ್ನು ನಿಮ್ಮಿಂದಲೇ ವಸೂಲು ಮಾಡುತ್ತೇವೆಂದು ಬೆದರಿಸಿದರಂತೆ! ಬ್ಯಾಟರಿಯ ಚರಿತ್ರೆಯಲ್ಲಿ ನಮಗೆ ಬಹಳ ಇಷ್ಟವಾದ ಸಂಗತಿಯಿದು. ಸರ್ಕಾರಿ ಇಲಾಖೆಗಳ ರೀತಿ ಎಲ್ಲ ದೇಶಗಳಲ್ಲೂ ಒಂದೇ.

1980ರಲ್ಲಿ ಆಕ್ಸ್‌ಫರ್ಡಿನಲ್ಲಿದ್ದ ಜಾನ್ ಗುಡ್‌ಎನಫ್ ಧನ ಧ್ರುವಕ್ಕೆ ಕೋಬಾಲ್ಟ್ ಆಕ್ಸೈಡ್ ಹಾಕಿ ವೋಲ್ಟೇಜನ್ನು ಏರಿಸಿದರು. 1985ರಲ್ಲಿ ಜಪಾನಿನ ಅಕಿರಾ ಯೋಶಿನೊ ಋಣ ಧ್ರುವದಿಂದ ಲಿಥಿಯಂ ಲೋಹವನ್ನೇ ತೆಗೆದುಹಾಕಿ, ಆ ಜಾಗದಲ್ಲಿ ಇಂಗಾಲದ ಪದರಗಳನ್ನಿಟ್ಟರು. ಲಿಥಿಯಂ ಈಗ ಲೋಹವಾಗಿ ಕೂರದೆ ಅಯಾನಾಗಿ ಆ ಪದರಗಳ ನಡುವೆ ಹೋಗಿ ಬಂದು ಮಾಡತೊಡಗಿತು. ಸಿಡಿಮದ್ದಿನ ಪರೀಕ್ಷೆಗೆಂದು ಕಟ್ಟಿದ ಜಾಗದಲ್ಲಿ ಯೋಶಿನೊ ತಮ್ಮ ಬ್ಯಾಟರಿಯ ಮೇಲೆ ದೊಡ್ಡ ಕಬ್ಬಿಣದ ತುಂಡೊಂದನ್ನು ಬೀಳಿಸಿದರು. ಏನೂ ಆಗಲಿಲ್ಲ. ಲಿಥಿಯಂ ಲೋಹವಿದ್ದ ಬ್ಯಾಟರಿಯ ಮೇಲೆ ಬೀಳಿಸಿದರು, ಅದು ಸ್ಫೋಟಿಸಿತು. ಲಿಥಿಯಂ ಅಯಾನ್ ಬ್ಯಾಟರಿ ನಿಜವಾಗಿ ಹುಟ್ಟಿದ್ದು ಆ ಗಳಿಗೆಯಲ್ಲಿ ಎಂದು ಅವರು ಮುಂದೆ ಹೇಳಿದ್ದುಂಟು. ಇಷ್ಟಾದರೂ ಹಳೆಯ ಬಗೆಯನ್ನೇ ಹಿಡಿದಿದ್ದ ಕೆನಡಾದ ಕಂಪನಿಯೊಂದರ ಲೋಹದ ಬ್ಯಾಟರಿಗಳು 1989ರಲ್ಲಿ ಜಪಾನಿನ ಫೋನುಗಳಲ್ಲಿ ಹೊತ್ತಿಕೊಂಡವು; ಎಲ್ಲವನ್ನೂ ವಾಪಸು ಪಡೆಯಬೇಕಾಯಿತು. 1991ರಲ್ಲಿ ಸೋನಿ ಕಂಪನಿ ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. ಮೂವರಿಗೂ 2019ರಲ್ಲಿ ನೊಬೆಲ್ ಬಹುಮಾನ ಬಂತು. ಆಗ ಗುಡ್‌ಎನಫ್ ಅವರಿಗೆ 97 ವರ್ಷ.

ಯೋಶಿನೊ ಬೆಂಕಿಯ ಒಂದು ಕಾರಣವನ್ನು ತೆಗೆದರು. ಶಾಖ ಮಾತ್ರ ಉಳಿಯಿತು. ಯಾಕೆಂದು ಇಲ್ಲಿ ಸ್ವಲ್ಪ ನಿಧಾನಿಸಿ ನೋಡಬೇಕು.

ಸ್ಕೂಟರಿನ ಬ್ಯಾಟರಿಯೆಂದರೆ ಒಂದು ವಸ್ತುವಲ್ಲ. ಹೆಚ್ಚಿನವುಗಳ ಪೆಟ್ಟಿಗೆ ಬಿಚ್ಚಿದರೆ ಒಳಗೆ ಟಾರ್ಚಿನ ಸೆಲ್ಲಿನ ಅಣ್ಣತಮ್ಮಂದಿರಂತಿರುವ ನೂರಾರು ಸೆಲ್ಲುಗಳು ಒತ್ತೊತ್ತಾಗಿ ನಿಂತಿರುತ್ತವೆ. ಬಹಳ ಬಳಕೆಯ ಒಂದು ಬಗೆಯ ಸೆಲ್ಲಿಗೆ 18 ಮಿಲಿಮೀಟರ್ ವ್ಯಾಸ, 65 ಮಿಲಿಮೀಟರ್ ಎತ್ತರ. ಪ್ರತಿ ಸೆಲ್ಲಿಗೂ ಒಂದಷ್ಟು ಒಳರೋಧವಿದೆ. ಜೂಲ್ ನಿಯಮ ಪಿ.ಯು.ಸಿ. ಓದಿದವರಿಗೆಲ್ಲ ಗೊತ್ತು: ಪ್ರವಾಹ ಇಮ್ಮಡಿಯಾದರೆ ಶಾಖ ನಾಲ್ಮಡಿ. ಫ್ಲೈಓವರ್ ಹತ್ತುವಾಗ, ಇಬ್ಬರು ಕುಳಿತಾಗ, ಬೇಗ ಬೇಗ ಚಾರ್ಜ್ ಮಾಡುವಾಗ ಒಳಗೆ ಶಾಖ ಹುಟ್ಟುವುದು ಈ ಲೆಕ್ಕದಲ್ಲಿ. ಅಂಚಿನಲ್ಲಿರುವ ಸೆಲ್ಲು ಪೆಟ್ಟಿಗೆಯ ಗೋಡೆಯ ಮೂಲಕ ಒಂದಿಷ್ಟು ಬಿಸಿಯನ್ನು ಹೊರಗೆ ದಾಟಿಸುತ್ತದೆ. ನಡುವಿನ ಸೆಲ್ಲಿನ ಗತಿ ಹಬ್ಬದ ಹಿಂದಿನ ದಿನ ರಾಯಚೂರಿನ ಕಡೆಗೆ ಹೋಗುವ ರೈಲಿನ ಜನರಲ್ ಡಬ್ಬಿಯಲ್ಲಿ ನಡುವೆ ಸಿಕ್ಕಿಕೊಂಡವನ ಗತಿ. ಅಕ್ಕಪಕ್ಕದವರೂ ಅಷ್ಟೇ ಬೆವರುತ್ತಿರುವಾಗ ಅವನ ಬಿಸಿ ಎಲ್ಲಿಗೆ ಹೋಗಬೇಕು?

ಹಳ್ಳಿಯಲ್ಲಿ ಬೆಳೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹಸಿ ಆರದ ಹುಲ್ಲನ್ನು ಬಣವೆ ಒಟ್ಟಬಾರದೆಂದು ನಮ್ಮ ಹಿರಿಯರು ಗದರಿಸುತ್ತಿದ್ದರಲ್ಲ, ಅದಕ್ಕೆ ಕಾರಣವೇ ಇದು. ಬಣವೆಯ ನಡುವೆ ಹುಟ್ಟಿದ ಬಿಸಿ ಹೊರಗೆ ಹೋಗಲಾರದು. ಬಿಸಿಯಾದಷ್ಟೂ ಒಳಗಿನ ಕೊಳೆಯುವ ಕ್ರಿಯೆ ಚುರುಕಾಗುತ್ತದೆ. ಚುರುಕಾದಷ್ಟೂ ಬಿಸಿ ಹೆಚ್ಚುತ್ತದೆ. ಬೆಂಕಿ ಕಡ್ಡಿ ಗೀರದೆ ಬಣವೆ ಹೊತ್ತಿಕೊಳ್ಳುವುದು ಹೀಗೆ.

ಸೆಲ್ಲಿನೊಳಗೂ ಇದೇ ನಡೆಯುತ್ತದೆ, ಮೆಟ್ಟಿಲು ಮೆಟ್ಟಿಲಾಗಿ. 15ರಿಂದ 35 ಡಿಗ್ರಿ ಸೆಲ್ಸಿಯಸ್‌ವರೆಗೆ ಸೆಲ್ಲು ಸುಖವಾಗಿರುತ್ತದೆ. 45 ದಾಟಿದರೆ ಬೇಗ ಮುಪ್ಪಾಗುತ್ತದೆ, ಅಷ್ಟೇ, ಹೊತ್ತಿಕೊಳ್ಳುವುದಿಲ್ಲ. ಏಪ್ರಿಲ್ ಮೇ ತಿಂಗಳ ನಮ್ಮ ಬಿಸಿಲು ಮಾಡುವ ಕೇಡು ಹೆಚ್ಚಾಗಿ ಈ ಮುಪ್ಪು. ಆದರೆ ಯಾವುದೋ ಕಾರಣದಿಂದ, ತಯಾರಿಕೆಯ ದೋಷವೋ, ಅತಿಯಾಗಿ ಚಾರ್ಜ್ ಆದದ್ದೋ, ಪೆಟ್ಟು ಬಿದ್ದದ್ದೋ, ನೀರು ಹೊಕ್ಕದ್ದೋ, ಒಂದು ಸೆಲ್ಲು ಸುಮಾರು 90 ಡಿಗ್ರಿ ಮುಟ್ಟಿತೆನ್ನಿ. ಋಣ ಧ್ರುವದ ಮೇಲಿರುವ ರಕ್ಷಣೆಯ ತೆಳುಪೊರೆ ಒಡೆಯಲು ಶುರುವಾಗುತ್ತದೆ, ಒಡೆಯುವಾಗ ತಾನೇ ಶಾಖ ಬಿಡುತ್ತದೆ. 130ರ ಸುಮಾರಿಗೆ ಎರಡು ಧ್ರುವಗಳನ್ನು ಬೇರೆಯಾಗಿಟ್ಟ ಪ್ಲಾಸ್ಟಿಕ್ ಹಾಳೆ ಕರಗುತ್ತದೆ. ಧ್ರುವಗಳು ಒಂದನ್ನೊಂದು ಮುಟ್ಟುತ್ತವೆ. 200ರ ಆಸುಪಾಸಿನಲ್ಲಿ ನಿಕ್ಕಲ್ ಕೋಬಾಲ್ಟುಗಳಿರುವ ಧನ ಧ್ರುವ ಒಡೆದು ಆಮ್ಲಜನಕವನ್ನು ಕಾರುತ್ತದೆ. ಒಳಗಿನ ದ್ರಾವಣವೋ ಉರಿಯುವಂಥ ಪದಾರ್ಥ. ಉರುವಲು, ಆಮ್ಲಜನಕ, ಬಿಸಿ, ಮೂರೂ ಒಂದೇ ಡಬ್ಬಿಯಲ್ಲಿ. ಹೊರಗಿನ ಗಾಳಿ ತಡೆದರೂ ಇದು ನಿಲ್ಲದಿರುವುದಕ್ಕೆ ಇದೇ ಕಾರಣ. ಒಂದು ಸೆಲ್ಲು ಹೀಗಾದಾಗ ಪಕ್ಕದ್ದಕ್ಕೆ ಅಂಟುತ್ತದೆ, ಅದರಿಂದ ಅದರ ಪಕ್ಕದ್ದಕ್ಕೆ. ಪಟಾಕಿ ಸರದಂತೆ.

ಹೀಗಾಗಿ ಕಳೆದ ಮೂವತ್ತು ವರ್ಷಗಳ ಬ್ಯಾಟರಿಯ ಚರಿತ್ರೆ ಎಂದರೆ ಬಹುಮಟ್ಟಿಗೆ ಶಾಖಕ್ಕೆ ದಾರಿ ಮಾಡಿಕೊಡುವ ಚರಿತ್ರೆಯೇ. ಸಣ್ಣ ವಸ್ತುವಿನಲ್ಲಿ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಆದರೂ 2006ರಲ್ಲಿ ಡೆಲ್ ಕಂಪನಿ 41 ಲಕ್ಷ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ವಾಪಸು ಕರೆಸಿತು. ಕಾರಿನ ಕಾಲ ಬಂದಾಗ ಎರಡು ಪಂಥಗಳಾದವು. 2008ರಲ್ಲಿ ಬಂದ ಟೆಸ್ಲಾ ರೋಡ್‌ಸ್ಟರ್ ಕಾರಿನಲ್ಲಿ 6,831 ಸಣ್ಣ ಸೆಲ್ಲುಗಳು, ಅವುಗಳ ನಡುವೆ ಹಾವಿನಂತೆ ಹರಿದಾಡುವ ಕೊಳವೆ, ಕೊಳವೆಯಲ್ಲಿ ಗ್ಲೈಕಾಲ್ ಬೆರೆಸಿದ ನೀರು. 2010ರಲ್ಲಿ ಬಂದ ನಿಸಾನ್ ಲೀಫ್ ಕಾರಿಗೆ ನೀರೂ ಇಲ್ಲ, ಫ್ಯಾನೂ ಇಲ್ಲ. ಪೆಟ್ಟಿಗೆಯ ಮೈಯಿಂದ ಹೋದಷ್ಟು ಬಿಸಿ ಹೋಗಲಿ ಎಂಬ ಲೆಕ್ಕ. 2012ರ ಹೊತ್ತಿಗೆ ಅಮೆರಿಕದ ಅರಿಜೋನಾದ ಮರುಭೂಮಿಯಲ್ಲಿದ್ದವರು ತಮ್ಮ ಲೀಫ್ ಕಾರುಗಳು ಮೊದಲಿನಷ್ಟು ದೂರ ಓಡುವುದಿಲ್ಲವೆಂದು ದೂರಲಾರಂಭಿಸಿದರು. ಆ ಕಾರುಗಳು ಸುಟ್ಟುಹೋಗಲಿಲ್ಲ, ಮುಪ್ಪಾದವು. ನಮ್ಮ ದಖ್ಖನಿನ ಬೇಸಿಗೆಯಲ್ಲಿ ವಾಹನ ಕೊಳ್ಳುವವರು ಕೇಳಿಕೊಳ್ಳಬೇಕಾದ ಪಾಠ ಇದು.

ಇನ್ನೊಂದು ಉಪಾಯ ನಮ್ಮಂಥ ಬಿ.ಎಸ್ಸಿ.ಯವರಿಗೆ ಬಹಳ ಹಿಡಿಸುವಂಥದು. ಷಿಕಾಗೋದ ಇಲಿನಾಯ್ ತಾಂತ್ರಿಕ ಸಂಸ್ಥೆಯ ಅಲ್-ಹಲ್ಲಾಜ್ ಮತ್ತು ಸೆಲ್‌ಮನ್ ಎಂಬಿಬ್ಬರು 2000ದಲ್ಲಿ ಸೆಲ್ಲುಗಳ ನಡುವೆ ಮೇಣ ತುಂಬುವ ಯೋಚನೆ ಮುಂದಿಟ್ಟರು. ಮೇಣ ಕರಗುವಾಗ ತನ್ನ ಉಷ್ಣತೆ ಏರದೆಯೇ ಬಹಳ ಶಾಖವನ್ನು ನುಂಗುತ್ತದೆ. ಕರಗುವಿಕೆಯ ಗುಪ್ತೋಷ್ಣವೆಂದು ನಾವು ಬಾಯಿಪಾಠ ಮಾಡಿದ್ದು ಅದನ್ನೇ. ಪಂಪು ಬೇಡ, ಫ್ಯಾನು ಬೇಡ. ಆದರೆ ಎಲ್ಲ ಮೇಣ ಕರಗಿದ ಮೇಲೆ ಅದಕ್ಕೂ ಬಿಡುವು ಬೇಕು.

2013ರ ಜನವರಿಯ ಪ್ರಸಂಗ ಇವೆಲ್ಲಕ್ಕಿಂತ ದೊಡ್ಡದು. 7ನೇ ತಾರೀಖು ಬಾಸ್ಟನ್ ನಿಲ್ದಾಣದಲ್ಲಿ ನಿಂತಿದ್ದ ಜಪಾನಿನ ಬೋಯಿಂಗ್ 787 ವಿಮಾನದ ಬ್ಯಾಟರಿಗೆ ಬೆಂಕಿ ಹತ್ತಿತು. 16ರಂದು ಜಪಾನಿನಲ್ಲಿ ಇನ್ನೊಂದು ಅದೇ ಮಾದರಿಯ ವಿಮಾನ ಬ್ಯಾಟರಿಯ ಹೊಗೆಯಿಂದಾಗಿ ತುರ್ತಾಗಿ ಇಳಿಯಿತು. ಜಗತ್ತಿನ 787 ವಿಮಾನಗಳೆಲ್ಲ ನೆಲಕ್ಕೆ ಕೂತವು, ನಮ್ಮ ಏರ್ ಇಂಡಿಯಾದ ಆರು ವಿಮಾನಗಳೂ ಸೇರಿ. ಆ ಬ್ಯಾಟರಿಯಲ್ಲಿದ್ದದ್ದು ಎಂಟೇ ಎಂಟು ದೊಡ್ಡ ಸೆಲ್ಲುಗಳು. ಕಡೆಗೆ ಮಾಡಿದ ಪರಿಹಾರ ಗಮನಿಸಿ: ಸೆಲ್ಲುಗಳನ್ನು ಒಂದರಿಂದೊಂದು ಇನ್ನಷ್ಟು ಬೇರ್ಪಡಿಸಿದರು, ಇಡೀ ಬ್ಯಾಟರಿಯನ್ನು ಉಕ್ಕಿನ ಪೆಟ್ಟಿಗೆಯೊಳಗಿಟ್ಟರು, ಪೆಟ್ಟಿಗೆಯಿಂದ ವಿಮಾನದ ಹೊರಮೈಗೆ ಒಂದು ಕೊಳವೆ ಎಳೆದರು. ಒಂದು ಸೆಲ್ಲು ಹೋದರೆ ಹೋಗಲಿ. ಅದರ ಬಿಸಿ ಪಕ್ಕದ್ದಕ್ಕೆ ಹೋಗದಿರಲಿ, ಹೊಗೆ ಪ್ರಯಾಣಿಕರ ಕಡೆಗೆ ಬಾರದಿರಲಿ. ಆ ಪ್ರಸಂಗದಿಂದ ಒಂಬತ್ತು ವರ್ಷಗಳಾದ ಮೇಲೂ ಸಿಕಂದರಾಬಾದಿನ ಆ ಕಟ್ಟಡದಲ್ಲಿ ಹೊಗೆಗಿದ್ದ ದಾರಿ ಮನುಷ್ಯರ ದಾರಿಯೊಂದೇ.

ನಮ್ಮ ದೇಶದಲ್ಲಿ ವಿದ್ಯುತ್ ವಾಹನ ಎಂದರೆ ಮೊದಲು ನೆನಪಾಗುವುದು ಬೆಂಗಳೂರಿನಲ್ಲಿ ಚೇತನ್ ಮೈನಿಯವರು 2001ರಲ್ಲಿ ಮಾರುಕಟ್ಟೆಗೆ ಬಿಟ್ಟ ರೇವಾ ಕಾರು. ಅದರಲ್ಲಿದ್ದದ್ದು ಸೀಸದ ಬ್ಯಾಟರಿ. ಭಾರ ಹೆಚ್ಚು, ಓಡುವ ದೂರ ಕಡಿಮೆ, ಆದರೆ ಒಳಗಿರುವುದು ನೀರು ಬೆರೆತ ಆಮ್ಲವಾದ್ದರಿಂದ ಈ ಸರಪಟಾಕಿಯ ಭಯವಿರಲಿಲ್ಲ. ಅದರ ಲಿಥಿಯಂ ಮಾದರಿ 2009ರಲ್ಲಿ ಬಂತು. ಸ್ಕೂಟರುಗಳ ಪ್ರವಾಹ ಬಂದದ್ದು 2020ರ ಈಚೆಗೆ, ಪೆಟ್ರೋಲು ಲೀಟರಿಗೆ ನೂರು ರೂಪಾಯಿ ದಾಟಿದ ಮೇಲೆ. ಬೆಲೆಯ ಪೈಪೋಟಿಯಲ್ಲಿ ನೀರಿನ ಕೊಳವೆಗೆಲ್ಲಿ ಜಾಗ? ಮುಚ್ಚಿದ ಪೆಟ್ಟಿಗೆ, ಒತ್ತಾಗಿ ಜೋಡಿಸಿದ ಸೆಲ್ಲು, ಸೀಟಿನ ಕೆಳಗೆ.

2022ರ ಮಾರ್ಚ್ ಕೊನೆಯಿಂದ ಸುದ್ದಿಗಳು ಒಂದರ ಹಿಂದೆ ಒಂದು ಬಂದವು. ಪುಣೆಯಲ್ಲಿ ರಸ್ತೆ ಬದಿ ನಿಂತ ಸ್ಕೂಟರು ಉರಿಯಿತು. ವೆಲ್ಲೂರಿನಲ್ಲಿ ಮನೆಯಲ್ಲಿ ರಾತ್ರಿ ಚಾರ್ಜಿಗೆ ಇಟ್ಟ ಸ್ಕೂಟರಿನ ಹೊಗೆಯಿಂದ ತಂದೆ ಮಗಳಿಬ್ಬರೂ ಹೋದರು. ಏಪ್ರಿಲಿನಲ್ಲಿ ನಮ್ಮ ನಿಜಾಮಾಬಾದಿನಲ್ಲಿ ಮನೆಯೊಳಗೆ ತಂದು ಚಾರ್ಜಿಗೆ ಹಾಕಿದ್ದ ಬ್ಯಾಟರಿ ಸಿಡಿದು ಎಂಬತ್ತರ ವಯಸ್ಸಿನ ಹಿರಿಯರೊಬ್ಬರು ತೀರಿಕೊಂಡರು. ಕೆಲವೇ ದಿನಗಳಲ್ಲಿ ವಿಜಯವಾಡದಲ್ಲಿ ಅಂಥದೇ ಇನ್ನೊಂದು ಸಾವು. ಇವುಗಳಲ್ಲಿ ಎಷ್ಟೊಂದು ರಾತ್ರಿ ನಡೆದವು, ಚಾರ್ಜ್ ಆಗುತ್ತಿದ್ದಾಗ ನಡೆದವು ಎಂಬುದನ್ನು ವಾಚಕರು ಗಮನಿಸಬೇಕು.

ಕೇಂದ್ರ ರಸ್ತೆ ಸಾರಿಗೆ ಮಂತ್ರಾಲಯ ಒಂದು ತಜ್ಞ ಸಮಿತಿ ನೇಮಿಸಿತು. ಅದರ ಅಧ್ಯಕ್ಷರು ನಮ್ಮ ಹೈದರಾಬಾದಿನವರೇ: ಊರ ದಕ್ಷಿಣದ ಅಂಚಿನ ಬಾಲಾಪುರದಲ್ಲಿರುವ, ಎ.ಆರ್.ಸಿ.ಐ. ಎಂದು ಕರೆಯುವ ಲೋಹಚೂರ್ಣ ಮತ್ತು ನವವಸ್ತುಗಳ ಸಂಶೋಧನಾ ಕೇಂದ್ರದ ಆಗಿನ ನಿರ್ದೇಶಕ ಟಾಟಾ ನರಸಿಂಗರಾವ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಮದರಾಸಿನ ಐ.ಐ.ಟಿ., ರಕ್ಷಣಾ ಸಂಶೋಧನೆಯ ಪ್ರಯೋಗಶಾಲೆ ಇವುಗಳಿಂದಲೂ ಸದಸ್ಯರಿದ್ದರು. ಸೆಲ್ಲುಗಳು, ಅವುಗಳನ್ನು ಕಾಯುವ ಎಲೆಕ್ಟ್ರಾನಿಕ್ ನಿಯಂತ್ರಕ, ಚಾರ್ಜರು, ಪೆಟ್ಟಿಗೆಯ ವಿನ್ಯಾಸ, ಒಂದು ಸೆಲ್ಲಿನ ಶಾರ್ಟ್ ಸರ್ಕ್ಯೂಟಿನಿಂದ ಶಾಖ ಹರಡುವ ರೀತಿ, ಇವೆಲ್ಲಕ್ಕೂ ಹೊಸ ನಿಯಮಗಳು ಬೇಕೆಂದು ಸಮಿತಿ ಹೇಳಿತು.

ಇಲ್ಲಿ ತಾರೀಖುಗಳನ್ನು ಸಾಲಾಗಿ ಇಟ್ಟು ನೋಡುವುದು ಗುಮಾಸ್ತರಾದ ನಮ್ಮ ಅಭ್ಯಾಸ. ಸೆಪ್ಟೆಂಬರ್ 1ರಂದು ತಿದ್ದುಪಡಿಯಾದ ನಿಯಮ ಹೊರಬಿತ್ತು. ಅಕ್ಟೋಬರ್ 1ರಿಂದ ಜಾರಿ ಎಂದಿತ್ತು. ಸೆಪ್ಟೆಂಬರ್ 12ರಂದು ಸಿಕಂದರಾಬಾದಿನ ಬೆಂಕಿ. ಅದೇ ತಿಂಗಳ 27ರಂದು ಜಾರಿಯ ದಿನಾಂಕ ಮುಂದಕ್ಕೆ ಹೋಯಿತು: ಮೊದಲ ಹಂತ ಡಿಸೆಂಬರ್ 1ಕ್ಕೆ, ಎರಡನೆಯದು 2023ರ ಮಾರ್ಚ್ 31ಕ್ಕೆ. ಕಾರ್ಖಾನೆಗಳಿಗೆ ಪರೀಕ್ಷೆಯ ಏರ್ಪಾಡಿಗೆ ಸಮಯ ಬೇಕೆಂಬುದು ನಿಜವೇ. ಎಂಟು ಜನ ಸತ್ತು ಹದಿನೈದು ದಿನಕ್ಕೆ ಗಡುವು ಹಿಂದಕ್ಕಲ್ಲ, ಮುಂದಕ್ಕೆ ಹೋಯಿತೆಂಬುದೂ ನಿಜವೇ.

ನಿಯಮ ಮಾತ್ರ ಚೆನ್ನಾಗಿದೆಯೆಂದೇ ಹೇಳಬೇಕು. ಸೆಲ್ಲುಗಳ ನಡುವೆ ಶಾಖ ಸಾಗಲು, ಒಂದು ಕೆಟ್ಟರೆ ಬೇರ್ಪಡಲು ತಕ್ಕಷ್ಟು ಅಂತರ ಬಿಡಬೇಕು. ಒಳಗಿನ ಅನಿಲ ಹೊರಹೋಗಲು ಕಿಂಡಿ ಇರಬೇಕು. ಉಷ್ಣತೆ ಅಳೆಯುವ ಸಾಧನಗಳು ಬೇಕು. ಒಳಗೆ ಶಾಖದ ಕಡಿವಾಣ ತಪ್ಪುತ್ತಿದ್ದರೆ ಸವಾರನಿಗೆ ದೀಪವೂ ಸದ್ದೂ ಎಚ್ಚರಿಕೆ ಕೊಡಬೇಕು. ನೀರು ಒಳಗೆ ಹೋಗಬಾರದು. ಬೋಯಿಂಗಿನವರು ಮಾಡಿದ್ದೂ ಹೆಚ್ಚುಕಡಿಮೆ ಇವನ್ನೇ.

ಇದರ ಜೊತೆಗೆ ಸೆಲ್ಲಿನ ರಸಾಯನವೂ ಬದಲಾಗುತ್ತಿದೆ. ನಿಕ್ಕಲ್ ಕೋಬಾಲ್ಟ್ ಬದಲು ಕಬ್ಬಿಣದ ಫಾಸ್ಫೇಟ್ ಹಾಕಿದ ಸೆಲ್ಲು ಕಿಲೋ ಒಂದಕ್ಕೆ ಕಡಿಮೆ ಶಕ್ತಿ ಹಿಡಿಯುತ್ತದೆ, ಆದರೆ ಅದರಲ್ಲಿ ಆಮ್ಲಜನಕ ರಂಜಕಕ್ಕೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಸುಲಭಕ್ಕೆ ಬಿಡುಗಡೆಯಾಗದು. ಕೆಟ್ಟರೂ ಬಿಡುವ ಶಾಖ ಕಡಿಮೆ. ಈ ಪದಾರ್ಥವನ್ನು ಬ್ಯಾಟರಿಗೆ ತಂದ 1997ರ ಪ್ರಬಂಧಕ್ಕೆ ಮೂವರ ಹೆಸರಿದೆ: ಪಾಢಿ, ನಂಜುಂಡಸ್ವಾಮಿ, ಗುಡ್‌ಎನಫ್. ನಡುವಿನ ಹೆಸರು ಓದಿದಾಗ ನಮ್ಮ ಕಿವಿ ನೆಟ್ಟಗಾಯಿತೆಂದು ಬೇರೆ ಹೇಳಬೇಕೆ! ಬಾಲಾಪುರದ ಕೇಂದ್ರದಲ್ಲೂ ಇದೇ ಕಬ್ಬಿಣದ ಫಾಸ್ಫೇಟಿನ ಪುಡಿಯನ್ನು ಇಂಗಾಲದ ಲೇಪದೊಡನೆ ತಯಾರಿಸುವ ವಿಧಾನವನ್ನು ರೂಪಿಸಿದ್ದಾರೆ.

ಇನ್ನು ಮನೆಯ ವಿಷಯ. ನಾವಿರುವ ಕಟ್ಟಡದ ಸೆಲ್ಲಾರಿನಲ್ಲಿ ಈಗ ಆರು ವಿದ್ಯುತ್ ಸ್ಕೂಟರುಗಳಿವೆ. ಚಾರ್ಜ್ ಮಾಡುವ ಸಾಕೆಟ್ಟುಗಳನ್ನು ಹಾಕಿರುವುದು ಮೆಟ್ಟಿಲ ಕೆಳಗೆ. ಮೀಟರುಗಳು ಅಲ್ಲೇ ಇರುವುದರಿಂದ ತಂತಿಯ ಖರ್ಚು ಉಳಿಯಿತು. ಪಕ್ಕದಲ್ಲಿ ವಾಚ್‌ಮನ್ ಸಂಸಾರದ ಕೋಣೆ, ಎದುರಿಗೆ ಹಳೆಯ ಸೋಫಾ, ಹರಿದ ಹಾಸಿಗೆ. ಎಲ್ಲ ಸ್ಕೂಟರುಗಳೂ ಚಾರ್ಜಿಗೆ ಕೂರುವುದು ರಾತ್ರಿ ಹತ್ತರ ಮೇಲೆ, ಐದು ಅಂತಸ್ತಿನ ಜನ ಮಲಗಿದ ಮೇಲೆ. ಸಾಕೆಟ್ಟುಗಳನ್ನು ಕಾಂಪೌಂಡಿನ ಗೋಡೆಯ ಕಡೆ ತೆರೆದ ಜಾಗಕ್ಕೆ ಸ್ಥಳಾಂತರಿಸಬೇಕೆಂದು ನಾವು ಸಭೆಯಲ್ಲಿ ಎತ್ತಿದೆವು. “ಮಳೆ ಬಂದರೆ?” ಎಂದರೊಬ್ಬರು, ಮೇಲೊಂದು ತಗಡಿನ ಚಪ್ಪರ ಸಾಕು. “ನಿಮಗೆ ಸ್ಕೂಟರೇ ಇಲ್ಲವಲ್ಲ?” ಎಂದರು ಇನ್ನೊಬ್ಬರು. ವಿಷಯ ಮುಂದಿನ ತಿಂಗಳಿಗೆ ಹೋಗಿದೆ. ಕನ್ನಡಿಗ ಕುಟುಂಬಗಳಿರುವ ಬೇರೆ ಅಪಾರ್ಟ್‌ಮೆಂಟುಗಳಲ್ಲೂ ಮೆಟ್ಟಿಲ ಕೆಳಗೆ ಏನಿದೆಯೆಂದು ಒಮ್ಮೆ ಇಳಿದು ನೋಡುವುದು ಒಳ್ಳೆಯದು.

ಓಡಿಸಿ ಬಂದೊಡನೆ ಚಾರ್ಜಿಗೆ ಹಾಕದೆ ಅರ್ಧ ಗಂಟೆ ಆರಲು ಬಿಡುವುದು, ಕಂಪನಿಯ ಚಾರ್ಜರನ್ನೇ ಬಳಸುವುದು, ಕಳಚಿ ತರುವ ಬ್ಯಾಟರಿಯನ್ನು ಮಲಗುವ ಕೋಣೆಗಾಗಲಿ ಬಾಗಿಲ ದಾರಿಗಾಗಲಿ ತಾರದಿರುವುದು, ಕೆಳಗೆ ಬಿದ್ದದ್ದನ್ನು, ಉಬ್ಬಿದ್ದನ್ನು, ನೆರೆಯ ನೀರಿನಲ್ಲಿ ಮುಳುಗಿದ್ದನ್ನು ಚಾರ್ಜ್ ಮಾಡದಿರುವುದು, ಇವು ಎಲ್ಲರಿಂದಲೂ ಆಗುವಂಥವು. ಹೊತ್ತಿಕೊಂಡರೆ ಮಾತ್ರ ಆರಿಸಲು ನಿಲ್ಲದೆ ಜನರನ್ನು ಹೊರಗೆ ಕಳಿಸಬೇಕು. ಆ ಹೊಗೆ ವಿಷ. ಅಗ್ನಿಶಾಮಕದವರು ಬಂದು ಧಾರಾಳವಾಗಿ ನೀರು ಸುರಿಯುವುದು ಜ್ವಾಲೆಗಿಂತ ಹೆಚ್ಚಾಗಿ ಸೆಲ್ಲುಗಳನ್ನು ತಣಿಸಲು. ಆರಿದಂತೆ ಕಂಡ ಬ್ಯಾಟರಿ ಗಂಟೆಗಳ ನಂತರವೂ ಮತ್ತೆ ಹೊತ್ತಿಕೊಳ್ಳುವುದುಂಟು. ಅದನ್ನು ಕಟ್ಟಡದಿಂದ ದೂರ, ಬಯಲಲ್ಲಿ ಇರಿಸುತ್ತಾರೆ.

ಹೊಸ ನಿಯಮ ಅನ್ವಯಿಸುವುದು ಅದು ಜಾರಿಯಾದ ಮೇಲೆ ತಯಾರಾದ ವಾಹನಗಳಿಗೆ. ನಮ್ಮ ಸೆಲ್ಲಾರಿನ ಆರರಲ್ಲಿ ಎರಡು 2021ರಲ್ಲಿ ಕೊಂಡವು. ಅವುಗಳಲ್ಲೊಂದು ಈಗಾಗಲೇ ಎರಡನೆಯ ಯಜಮಾನರ ಕೈಯಲ್ಲಿದೆ. ಮೊದಲಿನಷ್ಟು ದೂರ ಓಡುವುದಿಲ್ಲವೆಂದು ಅವರು ಅದರ ಬ್ಯಾಟರಿಯನ್ನು ಗಲ್ಲಿಯ ಮೆಕ್ಯಾನಿಕ್ಕನ ಹತ್ತಿರ ಬಿಚ್ಚಿಸಿ, ಕೆಟ್ಟ ಸೆಲ್ಲುಗಳನ್ನಷ್ಟೇ ಬದಲಿಸಿ ಹಾಕಿಸಿಕೊಂಡು ಬಂದಿದ್ದಾರೆ. ರಾತ್ರಿ ಅದೂ ಮೆಟ್ಟಿಲ ಕೆಳಗೇ ಚಾರ್ಜಿಗೆ ಕೂರುತ್ತದೆ.